ಸಾರ್ವಕಾಲಿಕ ಕ್ರಿಕೆಟ್ ತಂಡದ ಆಯ್ಕೆ: ಸರಾಸರಿ ಹೇಳುವುದೆಷ್ಟು, ಹೇಳದಿರುವುದೆಷ್ಟು?

ಭಾರತವು ತನ್ನ ಮೊದಲನೆಯ ಟೆಸ್ಟ್ ಪಂದ್ಯವನ್ನು 1932ರ ಜೂನ್ 25ರಂದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಆಡಲಾರಂಭಿಸಿತು. ಅಂದಿನಿಂದ ಇಂದಿನವರೆಗೆ ದೇಶದ ಪರವಾಗಿ ಆಡಿದವರೆಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಅವರಲ್ಲಿ ಹನ್ನೊಂದು ಮಂದಿಯನ್ನು ಆರಿಸಿ ಸಾರ್ವಕಾಲಿಕ ತಂಡವೊಂದನ್ನು ಕಟ್ಟಬೇಕಾದರೆ ಯಾರು ಯಾರು ಅದರಲ್ಲಿರಬೇಕು? ಈ ಪ್ರಶ್ನೆಯನ್ನು ಕುರಿತು ಚಹದ ಅಂಗಡಿಗಳಲ್ಲಿಯೂ ಕಾಲೇಜಿನ ವಸತಿಗೃಹಗಳಲ್ಲಿಯೂ ನಡೆಯುವ ವಾದಗಳಿಗೆ ಕೊನೆಯಿಲ್ಲ. ವಾದದಲ್ಲಿ ಸೋಲುವ ಸಮಯ ಬಂದಾಗ ಪ್ರತಿಯೊಬ್ಬನೂ ಆಶ್ರಯಿಸುವುದು ಒಂದು ಅಂಕಿಯನ್ನು, ಅದುವೇ ಸರಾಸರಿ. 'ನಮ್ಮವನ ಸರಾಸರಿ ನಿಮ್ಮವನಿಗಿಂತ ಎರಡು ಹೆಚ್ಚು' ಎಂದೊಡನೆ ಎದುರಾಳಿಯು ನಿರುತ್ತರನಾಗಬೇಕೆಂಬುದು ಸಾಮಾನ್ಯವಾದ ತಿಳಿವಳಿಕೆ.

ಆದರೆ ವಿಜ್ಞಾನದ ವಿದ್ಯಾರ್ಥಿಯು ಯಾವ ಅಳತೆಯನ್ನು ನೋಡಿದರೂ ಮೂರು ಪ್ರಶ್ನೆಗಳನ್ನು ಕೇಳದೆ ಮುಂದುವರಿಯಲಾರನು. ಅಳತೆಗೋಲು ಎಲ್ಲರಿಗೂ ಒಂದೇ ಆಗಿತ್ತೆ? ಅಳತೆಯಲ್ಲಿ ಎಷ್ಟು ತಪ್ಪಿರಬಹುದು? ಅಳತೆಗೇ ಒಳಗಾಗದೆ ಉಳಿದವರು ಯಾರು? ಈ ಮೂರು ಪ್ರಶ್ನೆಗಳನ್ನು ಕ್ರಿಕೆಟ್ಟಿನ ಅಂಕಿಗಳಿಗೆ ಹಾಕಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ. ಆಟದ ವಿಷಯವೆಂದು ಇದನ್ನು ಹಗುರವಾಗಿ ಎಣಿಸಬೇಕಾಗಿಲ್ಲ. ಇದೇ ಲೆಕ್ಕದ ಬಲದಿಂದಲೇ, ಅಥವಾ ಇದರ ಅಜ್ಞಾನದಿಂದಲೇ, ಊರೂರುಗಳಲ್ಲಿ ಹುಡುಗ ಹುಡುಗಿಯರು ಆಯ್ಕೆಯಾಗುತ್ತಾರೆ ಇಲ್ಲವೆ ಮನೆಗೆ ಹಿಂದಿರುಗುತ್ತಾರೆ.

ಅಳತೆಗೋಲು ಒಂದೇ ಆಗಿತ್ತೆ?

ಮೊದಲು ನೆಲವನ್ನೇ ಪರಿಶೀಲಿಸೋಣ. ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾದ ಕಡೆಗಾಗಲಿ, ನೈಋತ್ಯಕ್ಕೆ ಬಬಲೇಶ್ವರದ ಕಡೆಗಾಗಲಿ ಹೋಗುವವರಿಗೆ ಎರೆಭೂಮಿಯ ಗುಣ ಚೆನ್ನಾಗಿ ಗೊತ್ತು. ದಖ್ಖಣದ ಕಪ್ಪುಕಲ್ಲು ಯುಗಯುಗಗಳ ಬಿಸಿಲುಮಳೆಗಳಿಂದ ಶಿಥಿಲವಾಗಿ ಈ ಮಣ್ಣು ಉಂಟಾಗಿದೆ. ಇದರಲ್ಲಿರುವ ಒಂದು ಬಗೆಯ ಜೇಡಿಯ ಕಣಗಳು ಹಾಳೆಯ ಮೇಲೆ ಹಾಳೆಯನ್ನಿಟ್ಟಂತೆ ಪದರು ಪದರಾಗಿವೆ. ಮಳೆ ಬಂದಾಗ ಪದರುಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ನೀರು ಆರಿದಾಗ ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ. ಬಿಳಿಜೋಳಕ್ಕೆ ತೇವವನ್ನು ಹಿಡಿದಿಟ್ಟುಕೊಡುವುದೂ ಇದೇ ಗುಣವೇ.

ಕ್ರಿಕೆಟ್ಟಿನ ಪಿಚ್ಚೆಂದರೆ ಜೇಡಿಮಣ್ಣನ್ನು ನೀರು ಹಾಯಿಸಿ, ಉರುಳೆಯಿಂದ ಒತ್ತಿ, ಒಣಗಿಸಿ ಗಟ್ಟಿ ಮಾಡಿದ 22 ಗಜದ ಪಟ್ಟಿಯಲ್ಲದೆ ಬೇರಲ್ಲ. ಜೇಡಿಯ ಪ್ರಮಾಣ ಎಷ್ಟು, ತೇವ ಎಷ್ಟು ಉಳಿದಿದೆ, ಹುಲ್ಲು ಎಷ್ಟಿದೆ ಎಂಬುದನ್ನು ಅನುಸರಿಸಿ ಚೆಂಡಿನ ನೆಗೆತವೂ ವೇಗವೂ ತಿರುವೂ ಬದಲಾಗುತ್ತವೆ. ಸಾಮಾನ್ಯವಾಗಿ ಕರಿಮಣ್ಣಿನ ಪಿಚ್ಚಿನಲ್ಲಿ ಚೆಂಡು ತಗ್ಗಾಗಿ, ನಿಧಾನವಾಗಿ ಬರುತ್ತದೆ. ಕೆಂಪುಮಣ್ಣಿನದರಲ್ಲಿ ಹೆಚ್ಚು ನೆಗೆಯುತ್ತದೆ. ಹಿಂದೆ ಮಣ್ಣಿನ ಮೇಲೆ ನಾರಿನ ಚಾಪೆಯನ್ನು ಹಾಸಿ ಆಡುವ ಪದ್ಧತಿಯೂ ಇದ್ದಿತು. 1952ರ ಅಕ್ಟೋಬರಿನಲ್ಲಿ ದೆಹಲಿಯ ಹುಲ್ಲಿನ ಪಿಚ್ಚಿನ ಮೇಲೆ ಭಾರತವು ಪಾಕಿಸ್ತಾನವನ್ನು ಒಂದು ಇನ್ನಿಂಗ್ಸಿನಿಂದ ಸೋಲಿಸಿತು. ವಿನೂ ಮಂಕಡರು 13 ವಿಕೆಟ್ಟುಗಳನ್ನು ಪಡೆದರು. ಒಂದು ವಾರ ಕಳೆಯುವಷ್ಟರಲ್ಲಿ ಲಖನೌದ ಸೆಣಬಿನ ಚಾಪೆಯ ಮೇಲೆ ಅದೇ ಪಾಕಿಸ್ತಾನವು ಭಾರತವನ್ನು ಒಂದು ಇನ್ನಿಂಗ್ಸಿನಿಂದ ಸೋಲಿಸಿತು. ಫಜಲ್ ಮಹಮೂದರಿಗೆ 12 ವಿಕೆಟ್ಟುಗಳು ದೊರೆತವು. ಲಖನೌದಲ್ಲಿ ಮಂಕಡರು ಆಡಿರಲಿಲ್ಲವೆಂಬುದನ್ನು ಲೆಕ್ಕಕ್ಕೆ ಹಿಡಿದರೂ, ನೆಲವು ಫಲಿತಾಂಶದಲ್ಲಿ ಪಾಲುಗಾರನೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಹಾಗಾದರೆ ಬೇರೆ ಬೇರೆ ನೆಲಗಳ ಮೇಲೆ, ಬೇರೆ ಬೇರೆ ಕಾಲದಲ್ಲಿ ಗಳಿಸಿದ ಓಟಗಳನ್ನು ಹೋಲಿಸುವ ಉಪಾಯವೇನು? ಒಂದು ಸರಳವಾದ ಉಪಾಯವೆಂದರೆ ಆಟಗಾರನ ಓಟಗಳನ್ನು ಅದೇ ದಿನ, ಅದೇ ನೆಲದ ಮೇಲೆ ಇತರರು ಗಳಿಸಿದುದರೊಡನೆ ತೂಗಿ ನೋಡುವುದು. ಇದಕ್ಕೆ ಮದರಾಸಿನ ಚೆಪಾಕ್ ಮೈದಾನವೇ ಎರಡು ಉದಾಹರಣೆಗಳನ್ನು ಒದಗಿಸುತ್ತದೆ. 1975ರ ಜನವರಿಯಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಭಾರತವು 190 ಓಟಗಳಿಗೆ ಕುಸಿದಾಗ, ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು ಔಟಾಗದೆ 97 ಗಳಿಸಿದರು. ಆ್ಯಂಡಿ ರಾಬರ್ಟ್ಸರು ಆ ಇನ್ನಿಂಗ್ಸಿನಲ್ಲಿ 64 ಓಟ ಕೊಟ್ಟು 7 ವಿಕೆಟ್ ಪಡೆದಿದ್ದರು. 2008ರ ಮಾರ್ಚಿನಲ್ಲಿ ಅದೇ ಮೈದಾನದಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಭಾರತವು 627 ಓಟ ಗಳಿಸಿದಾಗ ವೀರೇಂದ್ರ ಸೆಹವಾಗರ ಪಾಲು 319. ಪುಸ್ತಕದಲ್ಲಿ ಒಂದು ಶತಕವೂ ಆಗದ 97. ಇನ್ನೊಂದು ಮೂರು ಶತಕಗಳನ್ನು ಮೀರಿದ 319. ಆದರೆ ತಂಡದ ಮೊತ್ತದಲ್ಲಿ ಅವರವರ ಪಾಲನ್ನು ಲೆಕ್ಕ ಹಾಕಿದರೆ ಎರಡೂ ನೂರಕ್ಕೆ 51! ಸರಾಸರಿಯ ಲೆಕ್ಕದಲ್ಲಿ ಮಾತ್ರ ಎರಡನೆಯದು ಮೊದಲನೆಯದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ತೂಗುತ್ತದೆ. ವಿಶ್ವನಾಥರು ಆಡಿದ ಪಂದ್ಯವನ್ನು ಭಾರತ 100 ಓಟಗಳಿಂದ ಗೆದ್ದಿತು. ಸೆಹವಾಗರದು ಸಮವಾಗಿ ಮುಗಿಯಿತು. ಇದರಿಂದ ಒಬ್ಬರು ಮೇಲು, ಇನ್ನೊಬ್ಬರು ಕೀಳು ಎಂದು ತೀರ್ಮಾನಿಸಬೇಕೆಂದಲ್ಲ. ಬರಿಯ ಓಟಗಳನ್ನು ಕೂಡಿಸುವವನು ನೆಲವನ್ನೂ ಎದುರಾಳಿಯನ್ನೂ ಮರೆತಿರುತ್ತಾನೆಂಬುದಷ್ಟೇ ಇಲ್ಲಿ ತಿಳಿಯಬೇಕಾದ ವಿಷಯ.

ಇದೇ ಕಾರಣದಿಂದ ಸ್ವದೇಶದ ಅಂಕಿಗಳನ್ನೂ ಪರದೇಶದ ಅಂಕಿಗಳನ್ನೂ ಬೇರ್ಪಡಿಸಿ ನೋಡುವುದು ಒಳ್ಳೆಯದು. ಕಾಸರಗೋಡಿನ ಕುಂಬಳೆಯನ್ನು ತಮ್ಮ ಹೆಸರಿನಲ್ಲಿಯೇ ಹೊತ್ತಿರುವ ಅನಿಲ್ ಕುಂಬ್ಳೆಯವರು ಭಾರತದಲ್ಲಿ ಪಡೆದ 350 ಟೆಸ್ಟ್ ವಿಕೆಟ್ಟುಗಳಿಗೆ ವಿಕೆಟ್ಟೊಂದಕ್ಕೆ 24.88 ಓಟಗಳನ್ನು ಕೊಟ್ಟರು. ಹೊರದೇಶಗಳಲ್ಲಿ ಪಡೆದ 269ಕ್ಕೆ 35.85 ಓಟಗಳನ್ನು ತೆತ್ತರು. ರಾಹುಲ್ ದ್ರಾವಿಡರಾದರೋ ಸ್ವದೇಶದಲ್ಲಿ 51.35, ಹೊರಗೆ 53.03ರ ಸರಾಸರಿ ಹೊಂದಿದ್ದಾರೆ. ಆದ್ದರಿಂದ 'ಅತ್ಯುತ್ತಮ ತಂಡ'ವೆಂದೊಡನೆ 'ಎಲ್ಲಿ ಆಡಲು?' ಎಂಬ ಪ್ರಶ್ನೆಯೂ ಹಿಂಬಾಲಿಸುತ್ತದೆ.

ಅಳತೆಯಲ್ಲಿ ತಪ್ಪೆಷ್ಟು?

ಈಗ ಎರಡನೆಯ ಪ್ರಶ್ನೆಗೆ ಬರೋಣ. ದಾಂಡಿಗನೊಬ್ಬನ ಸರಾಸರಿಯೆಂದರೆ ಅವನ ಒಟ್ಟು ಓಟಗಳನ್ನು ಅವನು ಔಟಾದ ಸಂಖ್ಯೆಯಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ. ಆದರೆ ಅವನ ಪ್ರತಿಯೊಂದು ಇನ್ನಿಂಗ್ಸೂ ಸರಾಸರಿಯ ಆಸುಪಾಸಿನಲ್ಲಿರುವುದಿಲ್ಲ. ಒಂದು ದಿನ ಸೊನ್ನೆ, ಮತ್ತೊಂದು ದಿನ 12, ಮಗದೊಂದು ದಿನ 140. ಈ ಏರಿಳಿತದಲ್ಲಿಯೂ ಒಂದು ನಿಯಮವಿದೆಯೆಂಬುದನ್ನು 1945ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರಾದ ಎಲ್ಡರ್ಟನ್ ಮತ್ತು ವುಡ್ ಎಂಬವರು ಪ್ರಬಂಧಗಳಲ್ಲಿ ಚರ್ಚಿಸಿದರು. ದಾಂಡಿಗನ ಮೊತ್ತಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೆ, ಅವುಗಳ ಸಂಖ್ಯೆಯು ಸರಿಸುಮಾರು ಗುಣೋತ್ತರ ಶ್ರೇಢಿಯಂತೆ ಇಳಿಯುತ್ತ ಹೋಗುತ್ತದೆ.

ಇದನ್ನು ದಾಳದಿಂದ ಸುಲಭವಾಗಿ ತಿಳಿಯಬಹುದು. ಆರು ಬೀಳುವವರೆಗೂ ದಾಳವನ್ನು ಎಸೆಯುತ್ತ, ಅದಕ್ಕೆ ಮೊದಲು ಎಷ್ಟು ಎಸೆತಗಳಾದವೆಂದು ಎಣಿಸಿರಿ. ಆರು ಬಿದ್ದರೆ ನೀವು ಔಟ್. ಹಲವು ಸಲ ಸೊನ್ನೆ, ಒಂದು, ಎರಡು ಬರುವುವು. ಅಪರೂಪಕ್ಕೊಮ್ಮೆ ಇಪ್ಪತ್ತೂ ದಾಟುವುದು. ಸರಾಸರಿ 5 ಬರುತ್ತದೆ. ಅದರ ಸುತ್ತಲಿನ ಏರಿಳಿತದ ಪ್ರಮಾಣ, ಎಂದರೆ ಸಂಖ್ಯಾಶಾಸ್ತ್ರದಲ್ಲಿ ಹೇಳುವ ಹರವು, ಸುಮಾರು 5.5. ಹೀಗೆ ಪ್ರತಿ ಗಳಿಗೆಯಲ್ಲಿಯೂ ಔಟಾಗುವ ಅಪಾಯ ಒಂದೇ ತೆರನಾಗಿದ್ದರೆ ಹರವು ಹೆಚ್ಚುಕಡಿಮೆ ಸರಾಸರಿಯಷ್ಟೇ ಇರುತ್ತದೆ. ನಿಜವಾದ ದಾಂಡಿಗರಲ್ಲಿ ಸೊನ್ನೆಗಳು ನಿಯಮವು ಹೇಳುವುದಕ್ಕಿಂತ ಸ್ವಲ್ಪ ಹೆಚ್ಚಿರುತ್ತವೆ, ಆಟಕ್ಕೆ ಕುದುರುವ ಮೊದಲು ಅಪಾಯ ಹೆಚ್ಚಾದುದರಿಂದ. ಆದರೂ ನಮ್ಮ ಕೆಲಸಕ್ಕೆ ಈ ನಿಯಮ ಸಾಕು.

ಇದರಿಂದ ಒಂದು ಉಪಯುಕ್ತವಾದ ಸೂತ್ರ ದೊರೆಯುತ್ತದೆ. ಸರಾಸರಿಯನ್ನು, ಔಟಾದ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿರಿ. ಬಂದ ಸಂಖ್ಯೆಯನ್ನು ದೋಷಮಿತಿಯೆಂದು ಕರೆಯೋಣ. ಆಟಗಾರನ ನಿಜವಾದ ಸಾಮರ್ಥ್ಯವು ಸರಾಸರಿಗೆ ದೋಷಮಿತಿಯನ್ನು ಕೂಡಿಸಿದ ಹಾಗೂ ಕಳೆದ ಅಂಕಿಗಳ ನಡುವೆ ಇರುವ ಸಂಭವ ಮೂರರಲ್ಲಿ ಎರಡು ಪಾಲು. ಕೆಲವರ ಲೆಕ್ಕವನ್ನು ಕೆಳಗೆ ಕೊಟ್ಟಿದೆ:

ಸಚಿನ್ ತೆಂಡೂಲ್ಕರ್: ಓಟ 15,921, ಔಟಾದುದು 296, ಸರಾಸರಿ 53.78, ದೋಷಮಿತಿ 3.1
ರಾಹುಲ್ ದ್ರಾವಿಡ್: ಓಟ 13,288, ಔಟಾದುದು 254, ಸರಾಸರಿ 52.31; ದೋಷಮಿತಿ 3.3
ಸುನಿಲ್ ಗಾವಸ್ಕರ್: ಓಟ 10,122, ಔಟಾದುದು 198, ಸರಾಸರಿ 51.12, ದೋಷಮಿತಿ 3.6
ವೀರೇಂದ್ರ ಸೆಹವಾಗ್: ಓಟ 8,586, ಔಟಾದುದು 174, ಸರಾಸರಿ 49.34, ದೋಷಮಿತಿ 3.7
ವಿಜಯ್ ಮರ್ಚೆಂಟ್: ಓಟ 859, ಔಟಾದುದು 18, ಸರಾಸರಿ 47.72, ದೋಷಮಿತಿ 11.2
ವಿಜಯ್ ಹಜಾರೆ: ಓಟ 2,192, ಔಟಾದುದು 46, ಸರಾಸರಿ 47.65, ದೋಷಮಿತಿ 7.0
ಗುಂಡಪ್ಪ ವಿಶ್ವನಾಥ್: ಓಟ 6,080, ಔಟಾದುದು 145, ಸರಾಸರಿ 41.93, ದೋಷಮಿತಿ 3.5

ತೆಂಡೂಲ್ಕರರಿಗೂ ಗಾವಸ್ಕರರಿಗೂ ಇರುವ ಅಂತರ 2.66 ಮಾತ್ರ. ಅದು ಅವರಿಬ್ಬರಲ್ಲಿ ಯಾರೊಬ್ಬರ ದೋಷಮಿತಿಗಿಂತಲೂ ಕಡಿಮೆ. ಆದುದರಿಂದ ಮೊದಲ ಮೂವರಲ್ಲಿ ಯಾರು ಹೆಚ್ಚಿನವರೆಂಬ ವಾದವನ್ನು ಸರಾಸರಿಯಿಂದ ತೀರಿಸಲು ಹೊರಡುವುದು, ಕಟ್ಟಿಗೆ ತೂಗುವ ತಕ್ಕಡಿಯಲ್ಲಿ ಚಿನ್ನದ ಗುಂಜಿಯನ್ನು ತೂಗಿದಂತೆ. ಇದಕ್ಕೆ ವಿರುದ್ಧವಾಗಿ ಆಸ್ಟ್ರೇಲಿಯದ ಡಾನ್ ಬ್ರಾಡ್ಮನ್ನರನ್ನು ನೋಡಿರಿ. ಅವರು ಔಟಾದುದು 70 ಬಾರಿ, ಸರಾಸರಿ 99.94, ದೋಷಮಿತಿ ಸುಮಾರು 12. ದೋಷಮಿತಿಯ ಮೂರರಷ್ಟನ್ನು ಕಳೆದರೂ ಅವರ ಬಳಿ 64 ಉಳಿಯುತ್ತದೆ. ಅವರ ಮೇಲ್ಮೆ ಅದೃಷ್ಟದಿಂದ ಬಂದುದಲ್ಲವೆಂದು ಗಣಿತವು ಸಂಶಯವಿಲ್ಲದೆ ನುಡಿಯುತ್ತದೆ. ಎಲ್ಲಿ ಮಾತನಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಬಲ್ಲ ಅಳತೆಯೇ ಒಳ್ಳೆಯ ಅಳತೆ.

ಮರ್ಚೆಂಟರ ಸಂಗತಿ ಮನಸ್ಸಿಗೆ ನೋವುಂಟುಮಾಡುವಂಥದು. 1933ರಿಂದ 1951ರವರೆಗೆ ಹಬ್ಬಿದ ಅವರ ಟೆಸ್ಟ್ ಜೀವನದಲ್ಲಿ ದೊರೆತುದು ಹತ್ತೇ ಪಂದ್ಯಗಳು. ನಡುವಿನ ಉತ್ತಮ ವರ್ಷಗಳನ್ನು ಮಹಾಯುದ್ಧವು ನುಂಗಿತು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಅವರ ಸರಾಸರಿ 71.64. ಟೆಸ್ಟಿನಲ್ಲಿ ಅವರ ಸಾಮರ್ಥ್ಯವು 36 ಇರಬಹುದು, 59 ಇರಬಹುದು. ಅದನ್ನು ತಿಳಿಯುವಷ್ಟು ಅವಕಾಶವನ್ನೇ ಕಾಲವು ಒದಗಿಸಲಿಲ್ಲ.

ಇಬ್ಬರು ಲೆಗ್ ಸ್ಪಿನ್ನರುಗಳು

ಎಸೆತಗಾರರಲ್ಲಿ ನಮ್ಮ ನಾಡಿನವರೇ ಆದ ಇಬ್ಬರ ಹೋಲಿಕೆ ಬಹು ಸ್ವಾರಸ್ಯವಾದುದು. ಮೈಸೂರಿನಲ್ಲಿ ಹುಟ್ಟಿದ ಭಾಗವತ್ ಚಂದ್ರಶೇಖರರ ಬಲಗೈ ಬಾಲ್ಯದಲ್ಲಿ ಪೋಲಿಯೋದಿಂದ ಕೃಶವಾಗಿದ್ದಿತು. ಆ ಕೈಯಿಂದಲೇ ಅವರು 1964ರಿಂದ 1979ರವರೆಗೆ 58 ಟೆಸ್ಟುಗಳಲ್ಲಿ 242 ವಿಕೆಟ್ಟುಗಳನ್ನು ಪಡೆದರು. 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದವರು ಅವರೇ. ಕುಂಬ್ಳೆಯವರು 1990ರಿಂದ 2008ರವರೆಗೆ 132 ಟೆಸ್ಟುಗಳಲ್ಲಿ 619 ವಿಕೆಟ್ ಪಡೆದರು. 1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ಟುಗಳನ್ನೂ 74 ಓಟಗಳಿಗೆ ಕಬಳಿಸಿದರು.

ಅವರ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಆಶ್ಚರ್ಯವಾಗುತ್ತದೆ. ಚಂದ್ರಶೇಖರರು ವಿಕೆಟ್ಟೊಂದಕ್ಕೆ ಕೊಟ್ಟ ಓಟ 29.74, ಕುಂಬ್ಳೆಯವರು ಕೊಟ್ಟುದು 29.65. ಒಂದು ವಿಕೆಟ್ಟಿಗೆ ಬೇಕಾದ ಎಸೆತಗಳಾದರೋ ಇಬ್ಬರಿಗೂ ಸುಮಾರು 66. ಒಬ್ಬರು ಒಮ್ಮೆ ಮಿಂಚಿ ಮರುದಿನ ಮಂಕಾಗುವ ಸ್ವಭಾವದವರು. ಇನ್ನೊಬ್ಬರು ಬಾವಿಯ ಗಾಲಿಯಂತೆ ಬಿಡುವಿಲ್ಲದೆ ದುಡಿಯುವವರು. ಆದರೂ ಅಂಕಿಯ ಕಣ್ಣಿಗೆ ಇಬ್ಬರೂ ಒಬ್ಬರೇ! ಓಟಗಳಂತೆ ವಿಕೆಟ್ಟುಗಳ ಸರಾಸರಿಗೂ ಸ್ಥೂಲವಾಗಿ ಅದೇ ಸೂತ್ರವನ್ನು ಹಚ್ಚಿದರೆ ಚಂದ್ರಶೇಖರರ ದೋಷಮಿತಿ 1.9, ಕುಂಬ್ಳೆಯವರದು 1.2 ಆಗುತ್ತದೆ. ಅಂದರೆ ಕುಂಬ್ಳೆಯವರು ಮೇಲೆಂದು ಹೇಳಲು ಆಧಾರವಿಲ್ಲ. ಅವರ ವಿಷಯದಲ್ಲಿ ನಮಗಿರುವ ನಿಶ್ಚಯ ಮಾತ್ರ ಹೆಚ್ಚಿನದು. ಈ ನಿಶ್ಚಯವು ಬಂದುದು ಹೆಚ್ಚು ಪಂದ್ಯಗಳಿಂದ. ಹೆಚ್ಚು ಪಂದ್ಯಗಳು ಬಂದುದು ಅವರ ದೃಢಕಾಯದಿಂದಲೂ, ಅವರ ಕಾಲದಲ್ಲಿ ಟೆಸ್ಟುಗಳು ಹೆಚ್ಚಾಗಿ ನಡೆದುದರಿಂದಲೂ.

ಹನ್ನೊಂದು ಮಂದಿ ಒಂದು ಜೋಡಣೆ

ತಂಡವೆಂಬುದು ಹನ್ನೊಂದು ಅತ್ಯುತ್ತಮರ ರಾಶಿಯಲ್ಲ. ಟೆಸ್ಟ್ ಗೆಲ್ಲಬೇಕಾದರೆ ಎದುರಾಳಿಯ 20 ವಿಕೆಟ್ಟುಗಳು ಉರುಳಬೇಕು. ಹನ್ನೊಂದು ದಾಂಡಿಗರ ತಂಡವು ಸೋಲದಿರಬಹುದು, ಗೆಲ್ಲಲಾರದು. 25 ಮಂದಿಯಲ್ಲಿ 11 ಮಂದಿಯನ್ನು ಆರಿಸುವ ವಿಧಗಳು 44,57,400. ಆದರೆ ಆ 25 ಮಂದಿಯನ್ನು ಆರಂಭಿಕರು 5, ಮಧ್ಯದ ದಾಂಡಿಗರು 8, ವಿಕೆಟ್ ಕೀಪರುಗಳು 3, ಸರ್ವಾಂಗ ಆಟಗಾರರು 2, ವೇಗಿಗಳು 3, ಸ್ಪಿನ್ನರುಗಳು 4 ಎಂದು ವಿಂಗಡಿಸಿ, ಕ್ರಮವಾಗಿ 2, 3, 1, 1, 2, 2 ಮಂದಿಯನ್ನು ತೆಗೆದುಕೊಳ್ಳಬೇಕೆಂದು ಗೊತ್ತುಮಾಡಿದರೆ ವಿಧಗಳು 60,480ಕ್ಕೆ ಇಳಿಯುತ್ತವೆ. ಕೆಲಸವನ್ನು ಮೊದಲು ಹಂಚಿ, ಬಳಿಕ ಆಳನ್ನು ಹುಡುಕುವವನಿಗೆ ತೊಡಕು ಕಡಿಮೆ.

ಆಟದ ಜೀವನ ಮುಗಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವೆವೆಂಬ ನಿಯಮವನ್ನಿಟ್ಟುಕೊಂಡು, ಜಸ್ಪ್ರೀತ್ ಬುಮ್ರಾ ಮೊದಲಾದವರನ್ನು ಮುಂದಿನ ಲೆಕ್ಕಕ್ಕೆ ಬಿಟ್ಟು, ಪ್ರಯತ್ನಿಸಿ ನೋಡೋಣ. ಆರಂಭಿಕರು ಗಾವಸ್ಕರ್ ಮತ್ತು ಸೆಹವಾಗ್. ಸೆಹವಾಗರಿಗೂ ಮರ್ಚೆಂಟರಿಗೂ ನಡುವೆ ಅಂಕಿ ತೀರ್ಪು ಕೊಡಲಾರದಾದರೂ ಸೆಹವಾಗರನ್ನು ಹೆಚ್ಚು ಬಾರಿ ಅಳೆದು ನೋಡಲಾಗಿದೆ. ಮಧ್ಯದಲ್ಲಿ ದ್ರಾವಿಡ್ ಮತ್ತು ತೆಂಡೂಲ್ಕರ್. ಮೂರನೆಯ ಸ್ಥಾನಕ್ಕೆ ಹಜಾರೆ, ವಿಶ್ವನಾಥ್, ಲಕ್ಷ್ಮಣ್, ಕೊಹ್ಲಿ ಈ ನಾಲ್ವರೂ ಹಕ್ಕುದಾರರು. ಅವರ ಅಂತರಗಳು ದೋಷಮಿತಿಯೊಳಗೆ ಅಡಗಿಹೋಗುವಂಥವು. ಇಲ್ಲಿ ಗಣಿತವು ಹಿಂದೆ ಸರಿಯುತ್ತದೆ, ಜೋಡಣೆಯ ವಿವೇಕವು ಮುಂದೆ ಬರುತ್ತದೆ. ವಿಜಯಪುರದ ಪಶ್ಚಿಮಕ್ಕಿರುವ ಸಾಂಗ್ಲಿಯಲ್ಲಿ ಹುಟ್ಟಿದ ಹಜಾರೆಯವರು 1948ರ ಜನವರಿಯಲ್ಲಿ ಅಡಿಲೇಡಿನಲ್ಲಿ ಬ್ರಾಡ್ಮನ್ನರ ತಂಡದ ವಿರುದ್ಧ ಒಂದೇ ಟೆಸ್ಟಿನಲ್ಲಿ 116 ಮತ್ತು 145 ಗಳಿಸಿದವರು. ಮೇಲಾಗಿ ಮಧ್ಯಮ ವೇಗದ ಎಸೆತವನ್ನೂ ಬಲ್ಲವರು. ಆದ್ದರಿಂದ ಅವರನ್ನು ಆರಿಸುವೆವು. ವಿಶ್ವನಾಥರೇ ಬೇಕೆನ್ನುವ ವಾಚಕರನ್ನು ಅಂಕಿಯ ಬಲದಿಂದ ಖಂಡಿಸಲು ನಮಗೆ ಅಧಿಕಾರವಿಲ್ಲ.

ವಿಕೆಟ್ ಕೀಪರನ ಆಯ್ಕೆಯಲ್ಲಿ ಅಂಕಿಯು ಸ್ವಲ್ಪ ಧೈರ್ಯವಾಗಿ ಮಾತನಾಡುತ್ತದೆ. ಕರ್ನಾಟಕದ ಸಯ್ಯದ್ ಕಿರ್ಮಾನಿಯವರು 88 ಟೆಸ್ಟುಗಳಲ್ಲಿಯೂ ಮಹೇಂದ್ರ ಸಿಂಗ್ ಧೋನಿಯವರು 90 ಟೆಸ್ಟುಗಳಲ್ಲಿಯೂ ಮಾಡಿದ ಸ್ಟಂಪಿಂಗುಗಳು ಸರಿಯಾಗಿ 38, 38. ಕ್ಯಾಚುಗಳ ಸಂಖ್ಯೆಯು ಎಸೆತಗಾರರನ್ನು ಅವಲಂಬಿಸಿರುವುದರಿಂದ ಅದನ್ನು ಬದಿಗಿಡೋಣ. ದಾಂಡಿನ ಸರಾಸರಿಯಲ್ಲಾದರೋ ಧೋನಿಯವರದು 38.09, ಕಿರ್ಮಾನಿಯವರದು 27.04. ಈ 11 ಓಟಗಳ ಅಂತರವು, ಇಬ್ಬರ ದೋಷಮಿತಿಗಳನ್ನು ಸೇರಿಸಿ ನೋಡಿದಾಗ ಬರುವ 4.3ಕ್ಕಿಂತ ಎರಡೂವರೆ ಪಟ್ಟು ದೊಡ್ಡದು. ಆದ್ದರಿಂದ ಧೋನಿ.

ಸರ್ವಾಂಗ ಆಟಗಾರರಾಗಿ 2,109 ಓಟ, 162 ವಿಕೆಟ್ ಗಳಿಸಿದ ಮಂಕಡ್. ವೇಗಿಗಳಲ್ಲಿ ಮೊದಲನೆಯವರು 434 ವಿಕೆಟ್ ಪಡೆದ ಕಪಿಲ್ ದೇವ್. ಎರಡನೆಯ ವೇಗಿಯ ಸ್ಥಾನಕ್ಕೆ ಮೈಸೂರಿನ ಜಾವಗಲ್ ಶ್ರೀನಾಥರ ಸರಾಸರಿ 30.49, ಜಹೀರ್ ಖಾನರದು 32.94, ಇದೂ ದೋಷಮಿತಿಯೊಳಗಿನ ಅಂತರವೇ. ಆದರೆ ಜಹೀರರು ಎಡಗೈಯವರು. ಅವರ ಕಾಲ್ತುಳಿತದಿಂದ ಬಲಗೈ ದಾಂಡಿಗನ ಆಫ್ ಸ್ಟಂಪಿನ ಹೊರಗೆ ನೆಲ ಒರಟಾಗುತ್ತದೆ. ಇನ್ನೊಂದು ತುದಿಯಿಂದ ಎಸೆಯುವ ಆಫ್ ಸ್ಪಿನ್ನರನಿಗೆ ಅದು ವರವಾಗುತ್ತದೆ. 24.00ರ ಸರಾಸರಿಯಲ್ಲಿ 537 ವಿಕೆಟ್ ಪಡೆದ ರವಿಚಂದ್ರನ್ ಅಶ್ವಿನರು ತಂಡದಲ್ಲಿರುವಾಗ ಈ ಒರಟು ನೆಲವೇ ಜಹೀರರ ಪರವಾಗಿ ವಾದಿಸುತ್ತದೆ. ಕೊನೆಯದಾಗಿ, ನಿಶ್ಚಯದ ಬಲದಿಂದ ಕುಂಬ್ಳೆ. ಹನ್ನೊಂದು ಮಂದಿ ಪೂರ್ಣವಾದರು.

ಅಳತೆಗೇ ಸಿಕ್ಕದವರು

ಈಗ ಮೂರನೆಯ ಪ್ರಶ್ನೆ. ಮೇಲಿನ ತಂಡವನ್ನು ಕಟ್ಟುವಾಗ ನಾವು ಮತ್ತೆ ಮತ್ತೆ ಹೆಚ್ಚು ಬಾರಿ ಅಳೆಯಲ್ಪಟ್ಟವರನ್ನೇ ಆರಿಸಿದೆವು. ಅವಕಾಶ ದೊರೆಯದವರು ತಮ್ಮ ದೋಷವಿಲ್ಲದೆಯೇ ಹಿಂದುಳಿದರು. ಇದು ಮರ್ಚೆಂಟರೊಬ್ಬರ ಕಥೆಯಲ್ಲ. ಭಾರತದ ಮಹಿಳಾ ಕ್ರಿಕೆಟ್ಟಿನ ಕಥೆಯೆಲ್ಲ ಇದೇ.

ಭಾರತದ ಮಹಿಳೆಯರ ಮೊದಲನೆಯ ಟೆಸ್ಟ್ 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಆರಂಭವಾಯಿತು. ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. ಆದರೆ 2002ರಿಂದ 2021ರವರೆಗೆ ಟೆಸ್ಟ್ ಆಡಿದ ಮಿತಾಲಿ ರಾಜರಿಗೆ ಇಷ್ಟು ದೀರ್ಘಕಾಲದಲ್ಲಿ ದೊರೆತ ಟೆಸ್ಟುಗಳು ಹನ್ನೆರಡೇ. 699 ಓಟ, ಔಟಾದುದು 16 ಬಾರಿ, ಸರಾಸರಿ 43.68, ದೋಷಮಿತಿ ಸುಮಾರು 11. ಯುದ್ಧವಿಲ್ಲದ ಕಾಲದಲ್ಲಿಯೂ ಅವರಿಗೆ ದೊರೆತುದು ಮರ್ಚೆಂಟರ ಭಾಗ್ಯವೇ! 2014ರ ನವೆಂಬರಿನಲ್ಲಿ ಮೈಸೂರಿನಲ್ಲಿ ಟೆಸ್ಟ್ ಆಡಿದ ಬಳಿಕ ಭಾರತದ ಮಹಿಳೆಯರು ಮುಂದಿನ ಟೆಸ್ಟನ್ನು ಆಡಿದುದು 2021ರ ಜೂನಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ.

ವಿಜಯಪುರದ ರಾಜೇಶ್ವರಿ ಗಾಯಕವಾಡರು ಹುಟ್ಟಿದುದು 1991ರ ಜೂನಿನಲ್ಲಿ. ಮೇಲೆ ಹೇಳಿದ ಬರಿದಾದ ಅವಧಿಯು ಈ ಎಡಗೈ ಸ್ಪಿನ್ನರರ ವಯಸ್ಸಿನ 23ರಿಂದ 30ರವರೆಗಿನ ಭಾಗ. ಎಸೆತಗಾರರ ಕೈ ಪಳಗುವ ವರ್ಷಗಳೇ ಅವು. 2017ರ ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಆರು ಪಂದ್ಯಗಳಲ್ಲಿ ಅವರು ಹೊರಗೇ ಕುಳಿತಿದ್ದರು. ಜುಲೈ 15ರಂದು ಡರ್ಬಿಯಲ್ಲಿ, ಸೋತರೆ ಕೂಟದಿಂದಲೇ ನಿರ್ಗಮಿಸಬೇಕಾಗಿದ್ದ ಏಳನೆಯ ಪಂದ್ಯದಲ್ಲಿ, ಅವರಿಗೆ ಚೆಂಡು ದೊರೆಯಿತು. ಕೊಟ್ಟುದು 15 ಓಟ, ಪಡೆದುದು 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಭಾರತ 186 ಓಟಗಳಿಂದ ಗೆದ್ದು ಮುಂದುವರಿಯಿತು. ಆ ಏಳನೆಯ ಪಂದ್ಯದಲ್ಲಿಯೂ ಅವರು ಹೊರಗೇ ಇದ್ದಿದ್ದರೆ ಅವರ ಸಾಮರ್ಥ್ಯವೇನೂ ಕಡಿಮೆಯಾಗುತ್ತಿರಲಿಲ್ಲ. ಅದು ಯಾವ ಪುಸ್ತಕದಲ್ಲಿಯೂ ಕಾಣುತ್ತಿರಲಿಲ್ಲ, ಅಷ್ಟೇ. ನಮ್ಮ ಸೂತ್ರದಲ್ಲಿ ಅವಕಾಶಗಳ ಸಂಖ್ಯೆ ಸೊನ್ನೆಯಾದರೆ ಭಾಗಾಕಾರವೇ ನಡೆಯುವುದಿಲ್ಲ; ಉತ್ತರವೇ ಇಲ್ಲ. ಆದರೆ ಜನರು ಉತ್ತರವಿಲ್ಲವೆಂಬುದನ್ನು 'ಯೋಗ್ಯತೆಯಿಲ್ಲ' ಎಂದು ಓದಿಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ಲೆಕ್ಕಶಾಸ್ತ್ರದಲ್ಲಿ ಇನ್ನೊಂದಿಲ್ಲ.

ಊರಿನ ಮೈದಾನದಲ್ಲಿ

ಈ ವಿಚಾರವು ದೇಶದ ತಂಡಕ್ಕಿಂತಲೂ ಹೆಚ್ಚಾಗಿ ಅನ್ವಯಿಸುವುದು ತಾಲ್ಲೂಕು ಮಟ್ಟದ ಆಯ್ಕೆಗೆ. ತಿಕೋಟಾದಲ್ಲಿಯೋ ಬಬಲೇಶ್ವರದಲ್ಲಿಯೋ ಒಂದು ದಿನ ಆಯ್ಕೆಯ ಪಂದ್ಯ ನಡೆಯಿತೆಂದು ಭಾವಿಸಿರಿ. ಪ್ರತಿಯೊಬ್ಬರಿಗೂ ಒಂದೇ ಇನ್ನಿಂಗ್ಸು. ಒಂದರ ವರ್ಗಮೂಲ ಒಂದೇ ಆದುದರಿಂದ ದೋಷಮಿತಿಯು ಸರಾಸರಿಯಷ್ಟೇ ದೊಡ್ಡದಾಗುತ್ತದೆ. ಅಂದು 30 ಓಟ ಗಳಿಸಿದವನಿಗೂ 5 ಓಟಕ್ಕೆ ಔಟಾದವನಿಗೂ ಇರುವ ವ್ಯತ್ಯಾಸವು ದಾಳದ ವ್ಯತ್ಯಾಸಕ್ಕಿಂತ ಹೆಚ್ಚಿನದೆಂದು ಹೇಳಲು ಬರುವುದಿಲ್ಲ. ಒಂದು ದಿನದ ಆಯ್ಕೆಯೆಂಬುದು ಬಹುಮಟ್ಟಿಗೆ ಚೀಟಿ ಎತ್ತಿದಂತೆಯೇ ಸರಿ.

ಇದಕ್ಕೆ ಪರಿಹಾರ ದುಬಾರಿಯಾದುದಲ್ಲ. ಒಂದು ದಪ್ಪ ನೋಟುಪುಸ್ತಕ, ಒಂದು ಪೆನ್ಸಿಲ್, ಶಾಲೆಯ ಪಂದ್ಯಗಳನ್ನೆಲ್ಲ ತಪ್ಪದೆ ಬರೆದಿಡುವ ಒಬ್ಬ ವಿದ್ಯಾರ್ಥಿ, ಇಷ್ಟು ಸಾಕು. ಓಟಗಳ ಜೊತೆಗೆ ತಂಡದ ಮೊತ್ತವನ್ನೂ ಪಿಚ್ಚಿನ ಸ್ಥಿತಿಯನ್ನೂ ಬರೆಯಬೇಕು. ಸೊನ್ನೆಗೆ ಔಟಾದುದನ್ನೂ ಮರೆಯದೆ ಬರೆಯಬೇಕು. ವರ್ಷದ ಕೊನೆಯಲ್ಲಿ ಸರಾಸರಿಯನ್ನೂ ದೋಷಮಿತಿಯನ್ನೂ ಲೆಕ್ಕ ಹಾಕಬೇಕು.

ಅಭ್ಯಾಸಕ್ಕಾಗಿ ಒಂದು ಕಲ್ಪಿತ ಲೆಕ್ಕ ಇಲ್ಲಿದೆ. ಒಬ್ಬಳು 9 ಬಾರಿ ಔಟಾಗಿ 324 ಓಟ ಗಳಿಸಿದ್ದಾಳೆ, ಸರಾಸರಿ 36. ಇನ್ನೊಬ್ಬಳು 25 ಬಾರಿ ಔಟಾಗಿ 750 ಗಳಿಸಿದ್ದಾಳೆ, ಸರಾಸರಿ 30. ತಂಡದಲ್ಲಿ ಉಳಿದಿರುವುದು ಒಂದೇ ಸ್ಥಾನ. ಮೊದಲನೆಯವಳ ದೋಷಮಿತಿ 12, ಎರಡನೆಯವಳದು 6. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 13.4. ಅಂತರವಾದರೋ 6 ಮಾತ್ರ. ಇಬ್ಬರಲ್ಲಿ ಯಾರು ಮೇಲೆಂದು ಈ ಪುಸ್ತಕದಿಂದ ತಿಳಿಯಲಾಗದು. ಸ್ಥಾನ ಯಾರಿಗೆ ದೊರೆತರೂ, ದೊರೆಯದವಳಿಗೆ ಮುಂದಿನ ಪಂದ್ಯದಲ್ಲಿ ಆಡಲು ಅವಕಾಶ ಕೊಟ್ಟು ಪುಸ್ತಕದಲ್ಲಿ ಇನ್ನೊಂದು ಸಾಲನ್ನು ಬರೆಯಬೇಕು.